ಹೊಸ್ತಿಲು ದಾಟದ ಗೊಂಬೆ

ಮಾರ್ಚ್ ೧೧, ಭಾನುವಾರ ಮಧ್ಯಾಹ್ನ

ರೀ,

ಗಂಡನಿಗೆ ಬರೆಯುವ ಕಾಗದ ಹೀಗೆ ಶುರುವಾಗಬಾರದು ಅಂತ ಗೊತ್ತು. ‘ಪೂಜ್ಯರೇ’ ಅಂತ ಬರೆದರೆ ನೀವೇ ನಗುತ್ತೀರಿ. ‘ಪ್ರೀತಿಯ’ ಅಂತ ಬರೆಯೋಣವೆಂದರೆ ಎರಡು ವರ್ಷದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದ್ದರಿಂದ ‘ರೀ’ ಅಂತಲೇ ಇರಲಿ, ಇಬ್ಬರಿಗೂ ಅಭ್ಯಾಸವಾದದ್ದು.

ನಾನು ಚೆನ್ನಾಗಿದ್ದೇನೆ. ಕಾಗದದ ಮರ್ಯಾದೆಗೆ ಹೇಳುವ ಮಾತಲ್ಲ, ನಿಜವಾಗಿಯೂ ಚೆನ್ನಾಗಿದ್ದೇನೆ. ಬಾಡಿಗೆ ಕೋಣೆಗೆ ಬೆಳಗಿನ ಬಿಸಿಲು ಬರುತ್ತದೆ. ಗೊಂಬೆ ಕಾರ್ಖಾನೆ ನಡೆದು ಹೋಗುವಷ್ಟು ಹತ್ತಿರ. ಕೀಲಿಗೊಂಬೆಗಳ ಹೊಟ್ಟೆಯೊಳಗಿನ ಸ್ಪ್ರಿಂಗು, ಹಲ್ಲುಚಕ್ರ ಎಲ್ಲ ನನ್ನ ಮೇಜಿನ ಮೇಲೇ ಜೋಡಣೆಯಾಗುತ್ತವೆ. ಜೋಡಿಸಿದವರ ಗುರುತನ್ನು ಗೊಂಬೆಯ ಬುಡದಲ್ಲಿ ಒತ್ತುವ ಪದ್ಧತಿ ಇಲ್ಲಿದೆ. ನನ್ನದೇ ಒಂದು ಸಣ್ಣ ಅಚ್ಚು ಉಂಟು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ನಿಮಗೆ ಗೊತ್ತು. ಹನ್ನೊಂದು ವರ್ಷ ನಿಮ್ಮ ಗಡಿಯಾರದಂಗಡಿಯ ಪರದೆ ಹಿಂದೆ ಕೂತು ನಾನು ಸರಿಮಾಡಿದ್ದನ್ನೆಲ್ಲ ನೀವು ಮುಂದೆ ನಿಂತು, ಇಡೀ ದಿನ ಕೂತು ಮಾಡಿದೆ ಸ್ವಾಮಿ ಅಂತ ಗಿರಾಕಿಗೆ ಕೊಟ್ಟಿರಿ. ಹೋಗಲಿ, ಹಳೇ ಪುರಾಣ ಬಿಚ್ಚುವುದು ಬೇಡ. ಇವತ್ತು ಬರೆಯಲು ಕೂತದ್ದು ಒಂದು ಗೊಂಬೆಯ ವಿಷಯಕ್ಕೆ.

ವಿಮಾನ ನಿಲ್ದಾಣದ ಅಂಗಡಿಗಳಿಗೆಂದು ದೊಡ್ಡ ಆರ್ಡರ್ ಬಂದಿದೆ. ಒಂದು ಪೆಟ್ಟಿಗೆಯಲ್ಲಿ ನಾಲ್ಕು ಕೀಲಿಗೊಂಬೆ, ನಾಲ್ಕು ದೇಶದವರು. ಕೀಲಿ ಕೊಟ್ಟರೆ ಪ್ರತಿಯೊಂದೂ ತನ್ನ ದೇಶದವರ ಚಾಳಿಯನ್ನು ಮಾಡಿ ತೋರಿಸಬೇಕು. ನಮ್ಮ ಕೋಣೆಯಲ್ಲಿ ಕೆಲಸ ಮಾಡುವ ನಾಲ್ವರೂ ನಾಲ್ಕು ದೇಶದವರು. ಹೊರಗಿನವರನ್ನು ಗೇಲಿ ಮಾಡಿದರೆ ಬೈಸಿಕೊಳ್ಳಬೇಕು, ನಮ್ಮನ್ನು ನಾವೇ ಮಾಡಿಕೊಂಡರೆ ಕೇಳುವವರು ಯಾರು ಅಂತ ಮೇಸ್ತ್ರಿ ನಮ್ಮ ನಾಲ್ಕು ದೇಶಗಳನ್ನೇ ಆರಿಸಿಬಿಟ್ಟರು.

ಮೇಸ್ತ್ರಿಯ ದೇಶದವರು ಹೊತ್ತು ಅಂದರೆ ಪ್ರಾಣ ಬಿಡುವವರಂತೆ. ಅವರ ಗೊಂಬೆ ಮೂರು ಹೆಜ್ಜೆಗೊಮ್ಮೆ ಕೈಗಡಿಯಾರ ನೋಡಿಕೊಳ್ಳುತ್ತದೆ. ಮೊದಲ ಮಾದರಿ ಅರೆಕ್ಷಣ ತಡವಾಗಿ ನೋಡಿತು ಅಂತ ನನ್ನ ಮೇಜಿಗೆ ವಾಪಸ್ ಕಳಿಸಿದರು. ತಾವು ಮಾತ್ರ ದಿನಾ ಹತ್ತು ನಿಮಿಷ ತಡ. ಕೇಳಿದರೆ, ದೇಶದ ಮಾನ ಕಾಯಲು ಉಳಿದವರೆಲ್ಲ ಇದ್ದಾರಲ್ಲ ಅನ್ನುತ್ತಾರೆ.

ದರ್ಜಿಯಮ್ಮನ ದೇಶದವರಿಗೆ ಜಿಪುಣರೆಂಬ ಹೆಸರು. ಆ ಗೊಂಬೆ ಪರ್ಸ್ ತೆಗೆದು, ಒಳಗೆ ಇಣುಕಿ, ಪಟ್ಟನೆ ಮುಚ್ಚಿಕೊಳ್ಳುತ್ತದೆ. ದಿನಾ ನಮಗೆಲ್ಲ ಬಿಸ್ಕತ್ತು ತರುವವಳು ಅವಳು. ಎಲ್ಲಿ ನೊಂದುಕೊಳ್ಳುತ್ತಾಳೋ ಅಂತ ನಾವು ಉಸಿರು ಬಿಗಿಹಿಡಿದು ನಿಂತಿದ್ದೆವು. ಅವಳು ಗೊಂಬೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ದೊಡ್ಡ ಪರ್ಸ್ ಯಾಕೆ, ಬಟ್ಟೆ ದಂಡ ಅಂದಳು. ಕೋಟಿಗೆ ಐದು ಗುಂಡಿ ಬೇಕಿಲ್ಲ ಅಂತ ಒಂದನ್ನು ಕಿತ್ತು ಡಬ್ಬಿಗೂ ಹಾಕಿಕೊಂಡಳು.

ಮೂರನೆಯವರು ಬಣ್ಣದಜ್ಜ. ಗೊಂಬೆಗಳಿಗೆ ಮುಖ ಬರೆಯುವವರು. ಅವರ ದೇಶದವರು ಮಾತಾಡುವುದಿಲ್ಲವೆಂದು ಪ್ರತೀತಿ. ಗೊಂಬೆ ಬೆಂಚಿನ ಮೇಲೆ ಕೂತು ಎರಡು ಸಲ ಕಣ್ಣು ಮಿಟುಕಿಸುತ್ತದೆ, ಅಷ್ಟೇ. ಅಜ್ಜ ಅದನ್ನು ಬೆಳಗ್ಗೆಯೆಲ್ಲ ನೋಡಿದರು. ಊಟವಾದ ಮೇಲೆ, ಒಂದು ಸಲ ಸಾಕಿತ್ತು ಅಂದರು.

ಇನ್ನು ನಮ್ಮದು ಕೇಳಿ. ಕೈಗೆ ಚೀಲ ಹಾಕಿಕೊಂಡ ಹೆಂಗಸು, ಎದುರಿಗೊಂದು ಪುಟ್ಟ ಬಾಗಿಲು. ಕೀಲಿ ಕೊಟ್ಟರೆ ಹೊಸ್ತಿಲವರೆಗೆ ಹೋಗುತ್ತಾಳೆ. ನಿಲ್ಲುತ್ತಾಳೆ. ತಿರುಗಿ ಬಂದು ಕೈಯಾಡಿಸಿ ಮಾತಾಡುತ್ತಾಳೆ. ಮತ್ತೆ ಹೊಸ್ತಿಲು, ಮತ್ತೆ ವಾಪಸ್. ನಮ್ಮ ದೇಶದವರು ಹೊರಟೆ ಅಂದ ಮೇಲೆ ಹೊರಡುವುದೇ ಇಲ್ಲವಂತೆ!

ನನಗೆ ಮೈಯೆಲ್ಲ ಉರಿಯಿತು. ನಿಮ್ಮ ಮೂವರದು ಇದ್ದರೂ ಇರಬಹುದು, ನಮ್ಮದು ಶುದ್ಧ ಸುಳ್ಳು ಅಂತ ಜಗಳಕ್ಕೇ ನಿಂತೆ. ಮೇಸ್ತ್ರಿ ಜೇಬಿನಿಂದ ಒಂದು ಚೀಟಿ ತೆಗೆದರು. ಹಿಂದಿನ ಸಂಜೆ ನಾನು ಹೊರಟೆ ಅಂದ ಮೇಲೆ ಬೀದಿಗೆ ಇಳಿಯುವುದಕ್ಕೆ ಇಪ್ಪತ್ತಮೂರು ನಿಮಿಷ ಹಿಡಿದಿತ್ತಂತೆ. ಅವರ ದೇಶದವರ ಬುದ್ಧಿ ಎಲ್ಲಿ ಹೋಗುತ್ತದೆ!

ಅವತ್ತು ಸಂಜೆ ಹಠ ಹಿಡಿದೆ. ಬರುತ್ತೇನೆ ಅಂದವಳೇ ಸರಸರನೆ ಮೆಟ್ಟಿಲಿಳಿದೆ. ಅಂಟಿನ ಬಾಟಲಿಗೆ ಮುಚ್ಚಳ ಹಾಕಿದೆನೋ ಇಲ್ಲವೋ ಅಂತ ಅನುಮಾನ ಬಂತು. ಹತ್ತಿ ಹೋಗಿ ನೋಡಿದೆ, ಹಾಕಿತ್ತು. ಹೇಗೂ ಬಂದಿದ್ದೇನಲ್ಲ ಅಂತ ದರ್ಜಿಯಮ್ಮನ ಸೊಂಟನೋವು ವಿಚಾರಿಸಿದೆ. ಮತ್ತೆ ಇಳಿದೆ, ಕೊಡೆ ಮೇಲೇ ಉಳಿದಿತ್ತು. ಮತ್ತೇನೋ ನೆನಪಾಗಿ ಮೂರನೇ ಸಲ ಹತ್ತಿ ಹೋಗುವಷ್ಟರಲ್ಲಿ ಬಣ್ಣದಜ್ಜ ನನಗಾಗಿ ಬಾಗಿಲು ತೆರೆದು ಹಿಡಿದುಕೊಂಡೇ ನಿಂತಿದ್ದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವರೂ ನಕ್ಕರು.

ನಿಮ್ಮ ಅಕ್ಕ ನೆನಪಾದರು. ಮನೆಗೆ ಬಂದರೆ ಎರಡು ಗಂಟೆ ಒಳಗೆ ಕೂತು ಬಿಸಿಲು ಜಾಸ್ತಿ, ನೀರು ಕಮ್ಮಿ ಅಂತ ಮಾತು. ಮಗಳಿಗೆ ಗಂಡು ಗೊತ್ತಾಗಿದೆ ಅನ್ನುವ ಸುದ್ದಿ ಬಂದದ್ದು ಚಪ್ಪಲಿ ಮೆಟ್ಟಿ ಗೇಟಿಗೆ ಕೈಯಿಟ್ಟ ಮೇಲೆ! ನಮ್ಮವರು ಹೊರಡುವುದಿಲ್ಲ ಅನ್ನುವುದು ನಿಜ. ಆದರೆ ಹೇಳಬೇಕಾದ ಮಾತು ಬಾಗಿಲಿಗೆ ಬರುವ ತನಕ ಬಾಯಿಗೆ ಬರುವುದಿಲ್ಲವಲ್ಲ, ಏನು ಮಾಡುವುದು? ಇದನ್ನೇ ಮೇಸ್ತ್ರಿಗೆ ಹೇಳಿದೆ. ಹಾಗಾದರೆ ಗೊಂಬೆ ಎಷ್ಟು ಸಲ ತಿರುಗಬೇಕು ಅಂತ ಕೇಳಿದರು. ಮೂರು ಸಲ ಅಂದೆ. ಮೂರು ಸಲ ತಿರುಗಿಸಿ ನಾಲ್ಕನೆಯದಕ್ಕೆ ಹೊಸ್ತಿಲು ದಾಟಿಸುವ ಚಕ್ರವನ್ನು ನಾನೇ ಅರದಿಂದ ಉಜ್ಜಿ ಮಾಡಿದೆ. ನೀವು ನೋಡಬೇಕಿತ್ತು. ಆರ್ಡರ್ ಕೊಟ್ಟವರು ಬಂದಾಗ ನಾಲ್ಕರಲ್ಲಿ ನಮ್ಮ ಗೊಂಬೆಗೇ ಐದು ಸಲ ಕೀಲಿ ಕೊಡಿಸಿ ನೋಡಿದರು.

ಚಕ್ರ ಕೂರಿಸಿದ ದಿನ ಬಣ್ಣದಜ್ಜ ನನ್ನನ್ನು ಒಂದು ಪ್ರಶ್ನೆ ಕೇಳಿದರು, ಎರಡು ವರ್ಷದಲ್ಲಿ ಮೊದಲನೆಯದು. ಮನೆ ಬಿಟ್ಟು ಈ ದೇಶಕ್ಕೆ ಹೊರಟ ದಿನ ನೀನು ಎಷ್ಟು ಸಲ ತಿರುಗಿದೆ ಅಂತ. ಒಂದು ಸಲವೂ ಇಲ್ಲ ಅಂದೆ. ಅವತ್ತಿನ ಬೆಳಗು ನಿಮಗೂ ನೆನಪಿರಬೇಕು. ಹೋಗುವವಳು ಹೋಗು, ನೀನಿಲ್ಲದಿದ್ದರೆ ಗಡಿಯಾರಗಳೇನೂ ನಿಲ್ಲುವುದಿಲ್ಲ ಅಂದಿರಿ. ನಾನು ಟ್ರಂಕು ಎತ್ತಿಕೊಂಡು ನಡೆದೆ. ಹಾಗಾದರೆ ನೀನು ಆ ದೇಶದವಳೇ ಅಲ್ಲ ಅಂದರು ಅಜ್ಜ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಇರಲಿ. ಮುಖ್ಯ ವಿಷಯಕ್ಕೆ ಬರುತ್ತೇನೆ. ಯಂತ್ರದ ಕೆಲಸಕ್ಕೆಲ್ಲ ನನ್ನನ್ನೇ ಮುಖ್ಯಸ್ಥೆ ಮಾಡುತ್ತೇನೆ, ಇನ್ನು ಮೂರು ವರ್ಷ ಇರಬೇಕು ಅಂತ ಮೇಸ್ತ್ರಿ ಕರಾರುಪತ್ರ ಕೊಟ್ಟರು. ಸಹಿ ಹಾಕಿಬಿಟ್ಟೆ. ನಿಮಗೆ ತಿಳಿಸುವುದು ಧರ್ಮ ಅಂತ ತಿಳಿಸುತ್ತಿದ್ದೇನೆ.

ನಿಮ್ಮ ಹೋದ ತಿಂಗಳ ಕಾಗದದ ನಾಲ್ಕು ಸಾಲು ತಲುಪಿದವು. ಯಾರದೋ ಟೈಂಪೀಸು ದಿನಕ್ಕೆ ಅರ್ಧ ಗಂಟೆ ಮುಂದೆ ಓಡುತ್ತದೆ, ಏನು ಮಾಡಿದರೂ ಬಗ್ಗುತ್ತಿಲ್ಲ ಅಂತ ಬರೆದಿದ್ದಿರಿ. ಹೇರ್‌ಸ್ಪ್ರಿಂಗಿಗೆ ಎಣ್ಣೆ ತಾಗಿ ಸುರುಳಿ ಒಂದಕ್ಕೊಂದು ಅಂಟಿಕೊಂಡಿರಬೇಕು. ಪೆಟ್ರೋಲಿನಲ್ಲಿ ಅದ್ದಿ ತೊಳೆದು ಒಣಗಿಸಿ, ಸರಿಹೋಗುತ್ತದೆ. ಮೊಣಕಾಲು ಜೋಪಾನ, ಸ್ಟೂಲಿನ ಮೇಲೆ ಕಾಲು ಮಡಚಿ ಕೂರಬೇಡಿ. ಇಲ್ಲಿಗೆ ಮುಗಿಸುತ್ತೇನೆ.

ನಿಮ್ಮ ಮನೆಯಾಕೆ
(ಸದ್ಯಕ್ಕೆ ಬೇರೆ ಮನೆಯಲ್ಲಿ)

ಮರೆತಿದ್ದೆ: ಸಹಿ ಹಾಕಿಬಿಟ್ಟೆ ಅಂದೆನಲ್ಲ, ಹಾಕಿಲ್ಲ. ಕರಾರುಪತ್ರ ಈ ಕಾಗದದ ಪಕ್ಕದಲ್ಲೇ ಬಿದ್ದಿದೆ. ತಿಂಗಳ ಕೊನೆಗೆ ಕೊಡಬೇಕು. ನಿಮ್ಮ ಹೊಟ್ಟೆ ಉರಿಸೋಣ ಅಂತ ಹಾಗೆ ಬರೆದೆ, ತಪ್ಪಾಯಿತು.

ಇನ್ನೊಂದು ಮಾತು: ನನ್ನ ಮೇಜಿನ ಎದುರಿಗೆ ಇನ್ನೊಂದು ಕುರ್ಚಿ ಖಾಲಿಯಿದೆ. ಸೂಕ್ಷ್ಮ ಕೆಲಸದಲ್ಲಿ ನನಗಿಂತ ಒಂದು ಕೂದಲೆಳೆ ಕಮ್ಮಿ ಇರುವವರೊಬ್ಬರು ನನಗೆ ಗೊತ್ತು ಅಂತ ಮೇಸ್ತ್ರಿಗೆ ಹೇಳಿದ್ದೇನೆ. ಕರೆಸು ಅಂದಿದ್ದಾರೆ. ಇಲ್ಲಿ ಪರದೆಯಿಲ್ಲ. ನಿಮಗೂ ಒಂದು ಅಚ್ಚು ಸಿಗುತ್ತದೆ, ನೀವು ಮಾಡಿದ್ದಕ್ಕೆ ನಿಮ್ಮದು, ನಾನು ಮಾಡಿದ್ದಕ್ಕೆ ನನ್ನದು. ಒಂದು ತಿಂಗಳು ಇದ್ದು ನೋಡಿ. ಬರುವುದಿಲ್ಲ ಅನ್ನುವುದಾದರೆ ಅದನ್ನೂ ಬರೆದು ತಿಳಿಸಿ, ಆಗ ಒಬ್ಬಳೇ ಸಹಿ ಹಾಕುತ್ತೇನೆ.

ಇದು ಕೊನೆಯದು, ಲಕೋಟೆಗೆ ಅಂಟು ಹಚ್ಚಿ ಆಮೇಲೆ ಬಿಚ್ಚಿದೆ: ಬಣ್ಣದಜ್ಜನಿಗೆ ನಾನು ಸುಳ್ಳು ಹೇಳಿದೆ. ಅವತ್ತು ಬಸ್ ನಿಲ್ದಾಣದಿಂದ ಒಂದು ಸಲ ತಿರುಗಿ ಬಂದಿದ್ದೆ, ಟ್ರಂಕು ಹೊತ್ತುಕೊಂಡೇ, ಅಂಗಡಿಯ ಬಾಗಿಲ ತನಕ. ನೀವು ಒಬ್ಬ ಮುದುಕಿಗೆ ಗೋಡೆ ಗಡಿಯಾರ ಕೊಡುತ್ತಿದ್ದಿರಿ. ಇದು ನಾನು ಮಾಡಿದ್ದಲ್ಲ ಅಮ್ಮ, ನನ್ನ ಹೆಂಡತಿ ಮಾಡಿದ್ದು, ಇಷ್ಟು ವರ್ಷ ಎಲ್ಲ ಅವಳೇ ಮಾಡಿದ್ದು ಅಂದಿರಿ. ಒಳಗೆ ಕಾಲಿಟ್ಟಿದ್ದರೆ ಅಲ್ಲೇ ಉಳಿದುಬಿಡುತ್ತಿದ್ದೆ. ನನ್ನದೇ ಹೆಸರಲ್ಲಿ ನನ್ನ ಕೈಯಿಂದ ಏನಾಗುತ್ತದೆ ಅಂತ ನನಗೆ ಹೋಗಿ ನೋಡಬೇಕಿತ್ತು. ಅದಕ್ಕೇ ಏನೂ ಕೇಳಿಸಿಕೊಳ್ಳದವಳ ಹಾಗೆ ನಡೆದೆ. ಎರಡು ವರ್ಷದಿಂದ ನಿಮ್ಮ ಮೇಲೆ ಸಿಟ್ಟಿದೆ ಅಂತ ನಾನು ಬರೆದದ್ದೆಲ್ಲ ನಾಟಕ. ಸಿಟ್ಟು ಅವತ್ತು ನಿಮ್ಮ ಬಾಗಿಲಲ್ಲೇ ಇಳಿದುಹೋಗಿತ್ತು. ಬನ್ನಿ.