ಬೆನ್ನಿನ ಮೂರು ಚಿತ್ರಗಳು

ಸಂಘದ ಕೋಣೆ,
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಚಳಿಗೆ ಬಲಗೈ ಸೆಟೆದುಕೊಳ್ಳುವುದು ಕಡಿಮೆಯಾಯಿತೆ? ಎಡಗೈಯಲ್ಲಿ ಬರೆದ ನಿನ್ನ ಕಾರ್ಡು ಬಂತು. ಅಕ್ಷರ ನನ್ನದಕ್ಕಿಂತ ದುಂಡಗಿದೆ, ಹೊಟ್ಟೆಕಿಚ್ಚಾಯಿತು.

ಸಂಘಕ್ಕೆ ಮೂವತ್ತು ತುಂಬಿತು. ಅದರ ಚರಿತ್ರೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಲಿನ ಕೋಣೆ, ಚಿತ್ರ ಬರೆಯುವ ಏಳು ಹೆಂಗಸರು, ಮುಂಭಾಗದಲ್ಲಿ ಸಹಿ ಕೂಡದು, ಹಿಂದೆ ಪೆನ್ಸಿಲಿನಲ್ಲಿ ಮಾತ್ರ ಎಂಬ ನಿನ್ನ ಕಟ್ಟಳೆ, ಇಷ್ಟೆಲ್ಲ ಸರಾಗವಾಗಿ ಬಂತು. ನರ್ಸಮ್ಮ ಹೊಲಿಗೆ ಕಲಿಯುತ್ತಿದ್ದಾಳೆಂದೇ ಅವಳ ಮನೆಯವರು ನಂಬಿದ್ದರಲ್ಲ. ವರ್ಷವಾದರೂ ಗುಂಡಿ ಹಾಕಲು ಬಾರದ ದಡ್ಡಿ ಎಂದು ಅವಳತ್ತೆ ಬೀದಿಯೆಲ್ಲ ಸಾರಿದ್ದರು.

ಕೈ ನಿಂತದ್ದು ಮೊದಲ ಪ್ರದರ್ಶನದ ದಿನಕ್ಕೆ. ಹಳೆಯ ಕಡತದಲ್ಲಿ ‘ಕಿಡಿಗೇಡಿಗಳ ದಾಂಧಲೆ’ ಎಂದಿದೆ. ಬಂದದ್ದು ಒಬ್ಬರೇ. ಮಧ್ಯಾಹ್ನ ಭಾವ ತಮ್ಮ ಚಪ್ಪಲಿ ಕಾರ್ಖಾನೆಯಿಂದ ಚರ್ಮ ಕೊಯ್ಯುವ ಚಾಕು ಹಿಡಿದು ಬಂದರು. ಕೂಗಾಡಲಿಲ್ಲ. ನಲವತ್ತು ಚಿತ್ರಗಳಲ್ಲಿ ನಿನ್ನ ಮೂರನ್ನೇ ಆರಿಸಿ, ಅಳತೆ ಹಿಡಿದವರಂತೆ, ಮೇಲಿಂದ ಕೆಳಗೆ ಸೀಳಿದರು. ಮೂರರಲ್ಲೂ ಮಲಗಿದ ಗಂಡಸಿನ ಬೆನ್ನು. ತನ್ನ ಬೆನ್ನನ್ನು ಯಾರು ತಾನೇ ಗುರುತಿಸಿಯಾರು? ನೀನು ಅಡ್ಡ ಹೋದೆ. ನಿನ್ನ ಬಲಗೈಯನ್ನು ಬಾಗಿಲ ಸಂದಿಗೆ ಒತ್ತಿ ಹಿಡಿದು, “ಈ ಕೈ ತಾನೆ?” ಎಂದು ಕೇಳಿ ಬಾಗಿಲು ಹಾಕಿದರು. ತೆಗೆದು ಮತ್ತೆ ಹಾಕಿದರು. ನರ್ಸಮ್ಮ ಸ್ಟೂಲಿನಿಂದ ಅವರ ತಲೆ ಒಡೆಯುವವರೆಗೆ ಹಾಕುತ್ತಲೇ ಇದ್ದರು. ರಕ್ತ ಯಾರದು ಯಾವುದು ಎಂದು ತಿಳಿಯುವಂತಿರಲಿಲ್ಲ. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ.

ಆಸ್ಪತ್ರೆಯಲ್ಲಿ ನೀನು “ಮೆಟ್ಟಿಲಲ್ಲಿ ಜಾರಿದೆ” ಅಂದೆ. ಉಳಿದವರೂ ಅದನ್ನೇ ಹೇಳಿದೆವು. ಸಂಘ ಒಮ್ಮತದಿಂದ ಕೈಗೊಂಡ ಮೊದಲ ನಿರ್ಣಯ ಅದು. ನಿನ್ನ ಮಗಳಿಗೂ ನೀನು ಮೆಟ್ಟಿಲಿನ ಕಥೆಯನ್ನೇ ಹೇಳಿದ್ದೀಯ. ಪುಸ್ತಕ ಬಂದ ಕೂಡಲೇ ಕಳಿಸು ಚಿಕ್ಕಮ್ಮ ಎಂದು ಅವಳು ಎರಡು ಸಲ ಫೋನು ಮಾಡಿದಳು. ಕಡತದಲ್ಲಿರುವುದನ್ನೇ ಬರೆದರಾಯಿತು, ಸತ್ತವರನ್ನು ಯಾಕೆ ಎಬ್ಬಿಸುತ್ತೀರಿ ಎನ್ನುತ್ತಾಳೆ ಈಗಿನ ಕಾರ್ಯದರ್ಶಿ. ಭಾವ ಸತ್ತು ಒಂಬತ್ತು ವರ್ಷವಾಯಿತು, ನಿಜ. ಕೈ ಇನ್ನೂ ಇದೆ.

ಔಷಧಿ ತಪ್ಪಿಸಬೇಡ. ನರ್ಸಮ್ಮ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ನಿನ್ನ,
ಗುಬ್ಬಿ

ಮರೆತಿದ್ದೆ: ಭಾವ ಅವತ್ತು ಬೆಳಿಗ್ಗೆಯೂ ಬಂದಿದ್ದರು. ನೀನು ಚಹಾ ತರಲು ಹೋಗಿದ್ದೆ. “ಗುಬ್ಬೀ, ಇದ್ರಲ್ಲಿ ನಿಮ್ಮಕ್ಕಂದು ಯಾವ್ದಮ್ಮ?” ಅಂದರು, ನಗುತ್ತಲೇ. ನನಗೆ ಹೆಮ್ಮೆ. ಮೂರನ್ನೂ ತಿರುಗಿಸಿ ನಿನ್ನ ಸಹಿ ತೋರಿಸಿದೆ. ಅವರ ಹೆಸರನ್ನೂ ನನ್ನ ಹೆಸರನ್ನೂ ಹಾಕಿ ಆ ಪುಟ ಬರೆದಿದ್ದೇನೆ. ಇದರೊಂದಿಗಿದೆ, ಬೇರೆ ಪ್ರತಿ ಇಲ್ಲ. ನೀನು ವಾಪಸು ಕಳಿಸಿದರೆ ಅಚ್ಚಿಗೆ ಹೋಗುತ್ತದೆ. ಈ ಸಲ ನಿನ್ನನ್ನು ಕೇಳದೆ ಯಾರಿಗೂ ತೋರಿಸುವುದಿಲ್ಲ.