ಇಳಿದು ನೋಡಿದ ತಪ್ಪಿಗೆ

ಭಾರಿ ವಾಹನ ಚಾಲನೆಯ ಮಾನ್ಯ ಪರೀಕ್ಷಕರೇ,

ಲಾರಿಯನ್ನು ಹಿಂದಕ್ಕೆ ತೆಗೆಯುವ ಮುನ್ನ ನಾನು ಕೆಳಗಿಳಿದು, ಹಿಂದೆ ಏನಿದೆ ಎಂದು ನೋಡಿದೆ. ಈ ಅಪರಾಧಕ್ಕಾಗಿ ತಾವು ನನ್ನನ್ನು ಮೂರು ಸಲ ಅನುತ್ತೀರ್ಣಗೊಳಿಸಿದ್ದೀರಿ. ಮೂರು ನಮೂನೆಗಳ ಮೇಲೂ ತಮ್ಮ ದುಂಡು ಅಕ್ಷರದಲ್ಲಿ ಒಂದೇ ವಾಕ್ಯವಿದೆ: ‘ಅಭ್ಯರ್ಥಿಯು ಪರೀಕ್ಷೆಯ ನಡುವೆ ಆಸನ ತ್ಯಜಿಸಿರುತ್ತಾರೆ.’ ಸಿಂಹಾಸನ ತ್ಯಜಿಸಿದವರ ಕಥೆ ಓದಿದ್ದೇನೆ, ಅವರಿಗೆಲ್ಲ ಕೀರ್ತಿ ಬಂತು. ಸ್ಪ್ರಿಂಗ್ ಕಿತ್ತುಹೋದ ಲಾರಿ ಸೀಟು ತ್ಯಜಿಸಿದ ನನಗೆ ಬಂದದ್ದು ಆರು ತಿಂಗಳ ವನವಾಸ. ಮೂರು ಸಲ ಸೋತವರು ಆರು ತಿಂಗಳು ಇತ್ತ ಸುಳಿಯಕೂಡದು ಎಂದು ತಮ್ಮ ಕಚೇರಿಯ ಗೋಡೆಯ ಮೇಲೆಯೇ ಬರೆದಿದೆ. ನನ್ನ ಬಳಿ ಇರುವುದು ಒಂಬತ್ತು ದಿನ. ಆದ್ದರಿಂದ ಈ ಪತ್ರವನ್ನು ಕೂತು ಬರೆಯಲಾಗುತ್ತಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದವಿಟ್ಟು, ಎರಡು ಸಾಲಿಗೊಮ್ಮೆ ಬಾಗಿಲ ತನಕ ಹೋಗಿ ಬಂದು ಬರೆಯುತ್ತಿದ್ದೇನೆ. ಅಕ್ಷರ ಓರೆಯಾಗಿದ್ದರೆ ಅದಕ್ಕೂ ಒಂದು ಅಂಕ ಕಳೆಯಿರಿ.

ತಮ್ಮ ಮೈದಾನಕ್ಕೆ ಬಂದವರಲ್ಲಿ ಜಡೆ ಇದ್ದವಳು ನಾನೊಬ್ಬಳೇ ಆದ್ದರಿಂದ ಗುರುತು ಹತ್ತಿರಬಹುದು. ವಯಸ್ಸು ನಲವತ್ತಮೂರು. ಹದಿನೇಳು ವರ್ಷ ಒಂದು ಆಸ್ಪತ್ರೆಯ ಲಿಫ್ಟ್ ನಡೆಸಿದೆ. ಏಳು ಮಹಡಿ, ಒಂದು ಮರದ ಸ್ಟೂಲು, ಹಿಂದೆ ಒಂದು ಕನ್ನಡಿ. ದಿನವಿಡೀ ಓಡಾಡಿದರೂ ಸಂಜೆ ಇಳಿಯುತ್ತಿದ್ದದ್ದು ಬೆಳಿಗ್ಗೆ ಹತ್ತಿದ ಜಾಗದಲ್ಲೇ. ಆರನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಮಾತ್ರ ಎದುರಿನ ಕಿಟಕಿಯಲ್ಲಿ ಹೆದ್ದಾರಿಯ ಒಂದು ತುಂಡು ಕಾಣುತ್ತಿತ್ತು. ಲಾರಿಯೊಂದು ಕಿಟಕಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ನಾನು ಬಾಗಿಲು ಮುಚ್ಚಬೇಕು. ಹದಿನೇಳು ವರ್ಷದಲ್ಲಿ ಒಂದು ಲಾರಿಯೂ ಎಲ್ಲಿಗೆ ಹೋಯಿತೆಂದು ನನಗೆ ತಿಳಿಯಲಿಲ್ಲ. ಈ ಸಂಕಟ ತಮಗೆ ಅರ್ಥವಾಗದಿದ್ದರೆ ಬೇಸರವಿಲ್ಲ, ನನ್ನ ಗಂಡನಿಗೂ ಆಗಿಲ್ಲ.

ಬಾಗಿಲು ಮುಚ್ಚುವ ಮುನ್ನ ತಲೆ ಹೊರಹಾಕಿ ಎಡಬಲ ನೋಡುವುದು ಅಲ್ಲಿ ಬಂದ ಅಭ್ಯಾಸ. ಸ್ಟ್ರೆಚರ್ ಒಳಗೆ ಬಂದಿರುತ್ತದೆ, ಅದರ ಗ್ಲೂಕೋಸ್ ನಳಿಕೆ ಹೊರಗೆ ನಿಂತ ದಾದಿಯ ಕೈಯಲ್ಲಿರುತ್ತದೆ. ಯಾರದೋ ಸೆರಗು, ಯಾರದೋ ಊರುಗೋಲು ಬಾಗಿಲಿನ ನಡುವೆ ಇರುತ್ತದೆ. ಹೋದ ವರ್ಷ ಗುಂಡಿ ಒತ್ತಿದರೆ ತಾನೇ ಓಡುವ ಲಿಫ್ಟ್ ಬಂತು. ಮಹಡಿ ಬಂದಾಗ ಅದು ಇಂಪಾದ ದನಿಯಲ್ಲಿ ಮಹಡಿಯ ಸಂಖ್ಯೆಯನ್ನೂ ಹೇಳುತ್ತದೆ. ನನಗೆ ಉಗ್ರಾಣದ ಬಾಗಿಲಲ್ಲಿ ಕೂತು ಚೀಟಿ ಹರಿಯುವ ಕೆಲಸ ಕೊಟ್ಟರು. ನಾಲ್ಕು ದಿನ ಕೂತೆ. ಐದನೆಯ ದಿನ ಎದ್ದು ಬಂದೆ.

ಲಾರಿ ಓಡಿಸುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೈಯಲಿಲ್ಲ, ನಕ್ಕರು. ಅದು ಇನ್ನೂ ಕಷ್ಟ. ಗಂಡ, “ಲಿಫ್ಟನ್ನ ಅಡ್ಡ ಮಲಗ್ಸಿದ್ರೆ ಲಾರಿ ಆಗುತ್ತೆ ಅಂದ್ಕೊಂಡಿದ್ದೀಯಾ?” ಎಂದರು. ಅತ್ತೆ, “ಈ ವಯಸ್ಸಲ್ಲಿ ಹೆಂಗಸು ಒಂದ್ಕಡೆ ಕೂತಿದ್ರೆ ಚೆಂದ ಕಣೇ” ಎಂದರು. “ಕೂತೇ ಇರ್ತೀನಿ ಅತ್ತೆ, ಕೂತಲ್ಲೇ ನಾಲ್ಕು ದಿನದ ದಾರಿ ಹೋಗ್ತೀನಿ ಅಷ್ಟೆ” ಎಂದೆ. ನಗದಿದ್ದವರು ಭಾವ ಒಬ್ಬರೇ. ಗಂಡನ ಅಣ್ಣ, ಇಪ್ಪತ್ತಾರು ವರ್ಷ ದೂರದ ದಾರಿಯ ಲಾರಿ ಓಡಿಸಿದವರು. ಗೋದಾಮಿನ ಅಂಗಳದಲ್ಲಿ, ಅವರ ರಜೆಯ ದಿನಗಳಲ್ಲಿ, ಎಂಟು ತಿಂಗಳು ನನಗೆ ಕಲಿಸಿದರು.

ಅವರು ಮೊದಲ ದಿನ ಕಲಿಸಿದ್ದು ಗೇರನ್ನಲ್ಲ, ಇಳಿಯುವುದನ್ನು. “ಹಿಂದಕ್ಕೆ ಹೋಗ್ಬೇಕು ಅಂದ್ರೆ ಮೊದ್ಲು ಇಳಿ. ಸುತ್ತ ಬಾ. ಬಗ್ಗಿ ನೋಡು. ಆಮೇಲೆ ಹತ್ತು. ಕನ್ನಡಿ ಸುಳ್ಳು ಹೇಳಲ್ಲ, ಆದ್ರೆ ಪೂರ್ತಿನೂ ಹೇಳಲ್ಲ.” ಇದನ್ನು ಅವರು ಕಲಿತ ಬಗೆಯನ್ನೂ ಹೇಳಿದರು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಸರಕು ಇಳಿಸುವ ಕಟ್ಟೆಗೆ ಲಾರಿ ಹಚ್ಚುವಾಗ, ಕಳಚಿದ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ್ದ ಒಬ್ಬ ಹಮಾಲಿ ಕನ್ನಡಿಯಲ್ಲಿ ಕಾಣಲಿಲ್ಲ. ಆತ ಬದುಕಿದ, ಬಲಗೈ ಉಳಿಯಲಿಲ್ಲ. ಭಾವ ಇವತ್ತಿಗೂ ಆ ಊರಿನ ಮೇಲೆ ಹೋದಾಗಲೆಲ್ಲ ಆತನ ಮನೆಗೆ ಹೋಗಿ ಅರ್ಧ ಗಂಟೆ ಕೂತು ಬರುತ್ತಾರೆ. “ಏನ್ ಮಾತಾಡ್ತೀರಿ ಭಾವ?” ಎಂದು ಕೇಳಿದೆ. “ಏನೂ ಇಲ್ಲ. ಟೀ ಅವನೇ ಕೊಡ್ತಾನೆ, ಎಡಗೈಲಿ” ಎಂದರು.

ಇಂಥವರ ಕೈಯಲ್ಲಿ ಕಲಿತವಳು ತಮ್ಮ ಮೈದಾನಕ್ಕೆ ಬಂದೆ. ಮೊದಲ ಪರೀಕ್ಷೆ, ಇಳಿದೆ. ತಾವು ತಗಡಿನ ಚಪ್ಪರದಡಿಯಿಂದ, “ಏನಮ್ಮ, ದಾರೀಲಿ ಏನಾದ್ರೂ ಬಿತ್ತಾ?” ಎಂದಿರಿ. ಸಾಲಿನಲ್ಲಿದ್ದವರು ನಕ್ಕರು. ಎರಡನೇ ಪರೀಕ್ಷೆಯಲ್ಲೂ ಇಳಿದೆ. “ಧೈರ್ಯ ಇಲ್ದಿದ್ರೆ ಯಾಕಮ್ಮ ಈ ಕೆಲಸಕ್ಕೆ ಬರ್ತೀರಾ?” ಎಂದಿರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ತಾವು ಹೇಳಬಹುದು. ಆದರೆ ಕುಣಿದು ತೋರಿಸಿದ್ದೇನಲ್ಲ? ಎರಡೂ ಸಲ, ಗಡಿಗೆಂದು ತಾವು ಇಡಿಸಿದ ಒಂದು ಡ್ರಮ್ಮಿಗೂ ತಾಗದೆ, ಒಂದು ಹಗ್ಗವನ್ನೂ ತುಳಿಯದೆ ಗಾಡಿಯನ್ನು ಜಾಗಕ್ಕೆ ತಂದು ನಿಲ್ಲಿಸಿದೆ. ಕಾಣದ ಕಡೆಗೆ ಹನ್ನೆರಡು ಟನ್ನು ನುಗ್ಗಿಸುವುದು ಧೈರ್ಯ, ಒಂದು ನಿಮಿಷ ಇಳಿದು ನೋಡುವುದು ಹೇಡಿತನ ಎಂದು ಯಾವ ಗ್ರಂಥದಲ್ಲಿದೆ? ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ತಮ್ಮ ಕಚೇರಿಯ ತನಕ ಬರಲೇ ಇಲ್ಲವೇ, ಅಥವಾ ಬಂದು ಇದೇ ಪರೀಕ್ಷೆಯಲ್ಲಿ ಸೋತು ಹಿಂತಿರುಗಿತೇ?

ಈ ನಡುವೆ ನನ್ನನ್ನು ಸೇರಿಸಿಕೊಳ್ಳಲು ಭಾವನ ಕಂಪನಿ ಒಪ್ಪಿತು. ಬಂದರಿನ ದಾರಿಗೆ ಇಬ್ಬರು ಚಾಲಕರು ಬೇಕು. ಭಾವನ ಜೊತೆಗಾರ ಕೆಲಸ ಬಿಟ್ಟಿದ್ದಾನೆ, ಆ ಸೀಟನ್ನು ಈ ತಿಂಗಳ ಕೊನೆಯವರೆಗೆ ನನಗಾಗಿ ಇಟ್ಟಿದ್ದಾರೆ. ಆಮೇಲೆ ಬೇರೆಯವರಿಗೆ. ನಲವತ್ತಮೂರರ ಹೊಸಬಳಿಗೆ ಸೀಟು ಹಿಡಿದಿಡುವ ಕಂಪನಿ ಇನ್ನೊಂದು ಸಿಗುವುದಿಲ್ಲ, ಅದು ನನಗೂ ಗೊತ್ತು, ಮನೆಯವರಿಗೂ ಗೊತ್ತು. ಮೂರನೇ ಪರೀಕ್ಷೆಯ ಹಿಂದಿನ ಸಂಜೆ ಭಾವ ಬಂದರು. ಬೀಗದ ಕೈ ತಿರುಗಿಸುತ್ತಾ, ನನ್ನ ಮುಖ ನೋಡದೆ ಹೇಳಿದರು: “ನಾಳೆ ಒಂದು ದಿನ ಇಳೀಬೇಡಮ್ಮ. ಒಂದೇ ದಿನ. ಖಾಲಿ ಮೈದಾನ ತಾನೆ? ಆಮೇಲೆ ಜೀವಮಾನ ಪೂರ್ತಿ ಇಳಿ.” ಇದನ್ನು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಆಗಲಿ ಎಂದು ಮಾತು ಕೊಟ್ಟೆ.

ಇನ್ನು ಆ ದಿನಕ್ಕೆ ಬರುತ್ತೇನೆ. ತಾವು ಮರೆತಿದ್ದರೂ ನಾನು ಮರೆತಿಲ್ಲ. ಚಪ್ಪರದ ತಗಡನ್ನು ಬಣ್ಣಕ್ಕೆಂದು ಬಿಚ್ಚಿದ್ದರು, ಬಿಸಿಲು ನೆತ್ತಿ ಸುಡುತ್ತಿತ್ತು. ಗಾಡಿಯನ್ನು ಮುಂದಕ್ಕೆ ತಂದು ಗೆರೆಯ ಮೇಲೆ ನಿಲ್ಲಿಸಿ, ಅಪ್ಪಣೆಗಾಗಿ ಸ್ವಲ್ಪ ಹೊತ್ತು ಕಾದೆ. ಸೀಟಿ ಊದುವ ತಮ್ಮ ಸಹಾಯಕ ಮುಂದಿನ ಬಂಪರಿನ ಬಳಿ ನಿಂತು, “ಹಿಂದಕ್ಕೆ ತಗೊಳ್ಳಿ” ಎಂದು ಊದಿದ. ಎಡಗನ್ನಡಿ ಖಾಲಿ. ಬಲಗನ್ನಡಿ ಖಾಲಿ. ಕ್ಲಚ್ ಒತ್ತಿದೆ, ಗೇರ್ ಹಾಕಿದೆ. ಬಂದರು ಇನ್ನು ನಾಲ್ಕು ದಿನದ ದಾರಿ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಕಾಲು ಮೇಲೇಳಲಿಲ್ಲ. ಮತ್ತೆ ಸೀಟಿ ಊದಿದ. ಭಾವನಿಗೆ ಕೊಟ್ಟ ಮಾತು ನೆನಪಾಯಿತು, ಭಾವ ಹೇಳಿದ ಎಡಗೈ ಟೀಯೂ ನೆನಪಾಯಿತು. ಗೇರ್ ಬಿಡಿಸಿ, ಹ್ಯಾಂಡ್ ಬ್ರೇಕ್ ಎಳೆದು ಇಳಿದೆ. ಸೋತೆ ಎಂದು ಗೊತ್ತಿದ್ದೇ ಇಳಿದೆ.

ಹಿಂದೆ, ಲಾರಿಯ ನೆರಳಿನಲ್ಲಿ, ಚಕ್ರದಿಂದ ಎರಡು ಹೆಜ್ಜೆ ಆಚೆ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಫೋನಿನ ಮೇಲೆ ಬಗ್ಗಿ ಕೂತಿದ್ದವರು ತಾವು.

“ಸಾರ್, ಸ್ವಲ್ಪ ಏಳ್ತೀರಾ? ಹಿಂದಕ್ಕೆ ಬರ್ಬೇಕು” ಎಂದೆ. ತಾವು ಎದ್ದಿರಿ, ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಹೋದಿರಿ. ನಾನು ಹತ್ತಿ, ಗಾಡಿಯನ್ನು ಡ್ರಮ್ಮುಗಳ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಿಲ್ಲಿಸಿದೆ. ತಾವು ಅದೇ ಕುರ್ಚಿಯಲ್ಲಿ ಕೂತು, ಅದೇ ದುಂಡು ಅಕ್ಷರದಲ್ಲಿ ಅದೇ ವಾಕ್ಯ ಬರೆದಿರಿ.

“ಸಾರ್, ನೀವು ಅಲ್ಲಿ ಕೂತಿದ್ರಲ್ಲ.”

“ಅದು ಬೇರೆ ವಿಷಯ ಕಣಮ್ಮ. ನಿಯಮ ನಿಯಮವೇ.”

ಸಹಾಯಕ ತನ್ನ ಬೂಟು ನೋಡುತ್ತಿದ್ದ. ನನಗೆ ಸಿಟ್ಟೂ ಬರಲಿಲ್ಲ. ಮನೆಗೆ ಬಂದು ಭಾವನಿಗೆ ಹೇಳಿದೆ, ಮಾತಿಗೆ ತಪ್ಪಿದೆ ಎಂದೂ ಹೇಳಿದೆ. ಅವರು, “ಎಷ್ಟು ದೂರ ಇದ್ರು?” ಎಂದು ಕೇಳಿದರು. “ಎರಡು ಹೆಜ್ಜೆ” ಎಂದೆ. ಅವರು ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು.

ನನ್ನ ಬೇಡಿಕೆ ದೊಡ್ಡದಲ್ಲ. ನಿಯಮಕ್ಕೆ ಒಂದು ಸಾಲು ಸೇರಿಸಿ: ಹಿಂದಕ್ಕೆ ತೆಗೆಯುವ ಮುನ್ನ ಇಳಿದು ನೋಡುವುದು ತಪ್ಪಲ್ಲ. ಅದಕ್ಕೆ ಸಭೆ, ಸಮಿತಿ, ವರ್ಷ ಬೇಕೆನ್ನುವುದಾದರೆ ಇನ್ನೂ ಸುಲಭದ್ದು ಹೇಳುತ್ತೇನೆ. ನನ್ನ ಮೂರನೆಯ ನಮೂನೆಯನ್ನು ಹರಿಯಬೇಡಿ, ತಿದ್ದಲೂ ಬೇಡಿ, ಆ ವಾಕ್ಯವನ್ನು ಪೂರ್ತಿ ಮಾಡಿ. ಅಭ್ಯರ್ಥಿಯು ಆಸನ ತ್ಯಜಿಸಿದ್ದು ಯಾಕೆ, ಹಿಂದೆ ಯಾರಿದ್ದರು ಎಂದು ತಮ್ಮ ಕೈಯಿಂದಲೇ ಬರೆದು ಸಹಿ ಹಾಕಿ. ಓದಿದ ಮೇಲೂ ಅದನ್ನು ಸೋಲು ಎನ್ನಲು ತಮಗೆ ಮನಸ್ಸು ಬಂದರೆ, ನಾನು ಉಗ್ರಾಣದ ಬಾಗಿಲಿಗೆ ವಾಪಸು ಹೋಗುತ್ತೇನೆ.

ಕೊನೆಯದಾಗಿ ಒಂದು ಮಾತು. ಆ ದಿನ ನನ್ನ ಜೊತೆ ಪರೀಕ್ಷೆಗೆ ಬಂದಿದ್ದ ಹನ್ನೊಂದು ಜನರಲ್ಲಿ ಯಾರೂ ಇಳಿಯಲಿಲ್ಲ, ಎಲ್ಲರೂ ಉತ್ತೀರ್ಣರಾದರು. ಅವರೆಲ್ಲ ಈಗ ರಸ್ತೆಯ ಮೇಲಿದ್ದಾರೆ. ದಯವಿಟ್ಟು ಕುರ್ಚಿಯನ್ನು ನೋಡಿಕೊಂಡು ಹಾಕಿಕೊಳ್ಳಿ.

ಇಂತಿ,
ಮೂರು ಸಲ ಇಳಿದು ಸೋತವಳು,
ನಾಲ್ಕನೆಯ ಸಲವೂ ಇಳಿಯಲಿರುವವಳು