ನಲವತ್ತೊಂದನೆಯ ಗೂಡು

ಗದಗ
ಉಳಿಕೆ ತಿಂಗಳ ಮೂರನೆಯ ದಿನ, ೨೧೯೧

ನೀಲಗಂಗವ್ವನಿಗೆ ನಿನ್ನ ಮಗಳ ಮಗಳ ಮಗಳ ಮಗಳ ಮಗಳು ಸಂಗಸಿರಿ ಮಾಡುವ ನಮಸ್ಕಾರ.

ಮೇಲಿನ ದಿನಾಂಕ ನೋಡಿ ಇದು ಯಾರದೋ ಕುಚೇಷ್ಟೆ ಎಂದು ಕಾಗದ ಮಡಿಚಿಡಬೇಡ. ಡಿಸೆಂಬರ್ ಮುಗಿದ ಮೇಲೂ ನಮಗೆ ಒಂದು ತಿಂಗಳು ಬಾಕಿ ಇರುತ್ತದೆ. ಎಲ್ಲ ತಿಂಗಳಿಗೂ ಇಪ್ಪತ್ತೆಂಟೇ ದಿನ ಎಂದು ಹಿರಿಯರು ಕತ್ತರಿ ಆಡಿಸಿದಾಗ ಉದುರಿದ ಚೂರುಗಳನ್ನೆಲ್ಲ ಸೇರಿಸಿ ಹೊಲಿದ ತಿಂಗಳು ಅದು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನಿನ್ನ ಕಾಲದ ಕನ್ನಡವನ್ನು ನಾನು ನಿನ್ನ ಹಸಿರು ಹೊದಿಕೆಯ ಡೈರಿಯಿಂದಲೇ ಕಲಿತದ್ದು. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ. ಕಾಲದಲ್ಲಿ ಹಿಂದಕ್ಕೆ ಹೋಗುವ ಈ ಅಂಚೆಗೆ ಮನೆಯ ಮಾತನ್ನಷ್ಟೇ ಹಾಕಬಹುದು. ಯುದ್ಧ, ಪ್ರವಾಹ, ಯಾರು ಗೆದ್ದರು ಯಾರು ಸೋತರು ಎಂದು ಬರೆದರೆ ಗುಮಾಸ್ತೆ ಕಪ್ಪುಮಸಿ ಬಳಿಯುತ್ತಾಳೆ. ನನಗೆ ಅದರಿಂದ ತೊಂದರೆಯಿಲ್ಲ. ನಾನು ಹೇಳಬೇಕಾಗಿರುವುದು ಒಂದು ಜೊತೆ ಚಪ್ಪಲಿಯ ವಿಷಯ.

ಲೆಕ್ಕ ಸರಿಯಿದ್ದರೆ ಈಗ ನೀನು ಜಪಾನಿನಿಂದ ಹಿಂತಿರುಗುವ ವಿಮಾನದಲ್ಲಿ ಕಿಟಕಿಯ ಪಕ್ಕ ಕುಳಿತಿದ್ದೀಯ. ನಿನ್ನ ಪರ್ಸಿನಲ್ಲಿ ಅಂಗೈಯಷ್ಟಗಲದ ಮರದ ಬಿಲ್ಲೆ ಇದೆ, ಅದರ ಮೇಲೆ ನಲವತ್ತೊಂದು ಎಂದು ಜಪಾನಿ ಅಂಕಿಯಲ್ಲಿ ಕೊರೆದಿದೆ. ಹುಬ್ಬಳ್ಳಿ ಮುಟ್ಟಿದ ಕೂಡಲೇ ಇದನ್ನು ಅಂಚೆಯಲ್ಲಿ ವಾಪಸು ಕಳಿಸಬೇಕು, ನಾನು ಕಳ್ಳಿಯಾದೆ ಎಂದು ಡೈರಿಯಲ್ಲಿ ಬರೆದು ಪೆನ್ನು ಮುಚ್ಚಿದ್ದೀಯ. ಕಳಿಸಬೇಡ. ಯಾಕೆ ಎಂದು ಹೇಳುವುದಕ್ಕೆ ನಿನಗೆ ಗೊತ್ತಿರುವ ಸಂಗತಿಗಳನ್ನೇ ನಿನಗೆ ಹೇಳಬೇಕಾಗುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದಂತಾದರೂ ತಾಳ್ಮೆಯಿಂದ ಓದು.

ಗದಗಿನಿಂದ ಹನ್ನೊಂದು ಹೆಂಗಸರು ಹೊರಡಬೇಕಿತ್ತು, ಹತ್ತು ಜನ ಹೊರಟಿರಿ. ಹನ್ನೊಂದನೆಯವಳು ನಿನ್ನ ತಂಗಿ ಚಂದ್ರವ್ವ. ಎಂಟು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಊರಿನ ನಿಮ್ಮಿಬ್ಬರಿಗೂ ಜಪಾನಿನಲ್ಲಿ ನೋಡಬೇಕೆನಿಸಿದ್ದು ಬುಲೆಟ್ ರೈಲಲ್ಲ, ಬೆಟ್ಟವಲ್ಲ. ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಕೂತು, ಯಾರೂ ಹೊರಗೆ ಬಾ ಎನ್ನದೆ ಇರುವುದು ಹೇಗಿರುತ್ತದೆ ಎಂದು ನೋಡಬೇಕಿತ್ತು. ಚಂದ್ರವ್ವ ಬಚ್ಚಲಿಗೆ ಹೋದರೆ ಬೇಗ ಬರುವವಳಲ್ಲ, ನೀನು ಬಾಗಿಲು ಬಡಿಯದೆ ಬಿಡುವವಳಲ್ಲ. ಹೊರಡಲು ನಾಲ್ಕು ತಿಂಗಳಿದ್ದಾಗ ಒಂದು ಬೆಳಿಗ್ಗೆಯೂ ಬಡಿದೆ. ತಲೆಯಲ್ಲಿ ಸೀಗೆಕಾಯಿ ಇದ್ದಂತೆಯೇ ಅವಳು ಹೊರಗೆ ಬಂದಳು. ಮಧ್ಯಾಹ್ನ ರೊಟ್ಟಿ ತಟ್ಟುತ್ತಾ ಎದೆ ಹಿಡಿದುಕೊಂಡು ಕುಸಿದಳು, ಮತ್ತೆ ಏಳಲಿಲ್ಲ. ಆ ಪುಟದಲ್ಲಿ ನೀನು ಬರೆದದ್ದು ಒಂದೇ ಸಾಲು: "ಅರ್ಧಾ ಜಳಕಕ್ಕ ಎಬ್ಬಿಸಿದ್ನಿ." ನಾನು ಈ ಸಾಲನ್ನು ಹನ್ನೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಓದಿದೆ. ಈಗ ನನಗೆ ಅರವತ್ತೊಂದು. ಇವತ್ತಿಗೂ ಅದನ್ನು ದಾಟಿ ಮುಂದಿನ ಪುಟಕ್ಕೆ ಹೋಗುವ ಮೊದಲು ಡೈರಿಯನ್ನು ಒಮ್ಮೆ ಮುಚ್ಚಿಡುತ್ತೇನೆ.

ಅವಳು ಪ್ರವಾಸಕ್ಕೆಂದೇ ಕೊಂಡಿಟ್ಟಿದ್ದ, ಹಸಿರು ಉಂಗುಟದ ಕಂದು ಚಪ್ಪಲಿಯನ್ನು ನೀನು ಮೆಟ್ಟಿಕೊಂಡು ಹೋದೆ. ಅವಳ ಕಾಲು ಆ ಊರನ್ನು ನೋಡಲಿ ಎಂದು. ನಿಮ್ಮ ಗುಂಪಿನ ಹಿರಿಯರಾದ ಶಕುಂತಲಾ ತೋರಗಲ್ಲರಿಗೆ ಇದು ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ. ಸತ್ತವರ ಚಪ್ಪಲಿ ಮೆಟ್ಟಬಾರದು, ಅದಕ್ಕೇ ನಿನ್ನ ಮುಖ ಹೀಗೆ ಕಪ್ಪಿಟ್ಟಿದೆ, ಗುಡಿ ಬಾಗಿಲಲ್ಲಿ ಬಿಟ್ಟು ಬಾ, ಯಾರಾದರೂ ಒಯ್ಯುತ್ತಾರೆ, ಚಪ್ಪಲಿ ಹೋದರೆ ಪೀಡೆ ಹೋಯಿತು ಎಂದರು. ನಮ್ಮಲ್ಲಿ ಅದು ಸುಲಭದ ಕೆಲಸ. ಬಿಡಬಾರದು ಎಂದುಕೊಂಡರೂ ಚಪ್ಪಲಿ ಹೋಗುತ್ತದೆ. ಆದರೆ ನೀವು ಇದ್ದದ್ದು ಬೇರೆ ಊರಿನಲ್ಲಿ.

ನೀನು ಗುಡಿಯ ಮೆಟ್ಟಿಲಲ್ಲಿ ಬಿಟ್ಟು ಚೀಲದಲ್ಲಿದ್ದ ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೊರಟುಬಿಟ್ಟೆ. ಮರುದಿನ ಅದೇ ಹಾದಿಯಲ್ಲಿ ಹಾಯುವಾಗ ನೋಡಿದರೆ ಚಪ್ಪಲಿ ಅಲ್ಲೇ ಇತ್ತು. ಯಾರೋ ಅದನ್ನು ಜೋಡಿಸಿ, ಹೊರಡುವವರಿಗೆ ಅನುಕೂಲವಾಗಲೆಂದು ತುದಿಯನ್ನು ಬೀದಿಯ ಕಡೆಗೆ ತಿರುಗಿಸಿ, ಮಳೆ ತಾಗದಂತೆ ಮೇಲೊಂದು ಕಾಗದ ಹೊದಿಸಿದ್ದರು. ಎರಡನೆಯ ಸಲ ರೈಲಿನಲ್ಲಿ ಸೀಟಿನ ಕೆಳಗೆ ಬಿಟ್ಟೆ. ಯಾರೂ ಪಿಟ್ಟೆನ್ನದ ಆ ಬೋಗಿಯಲ್ಲಿ ಶೇಂಗಾ ಚಟ್ನಿ ಹಂಚಿಕೊಳ್ಳುತ್ತಾ ಮಾತಾಡಿದ ಹತ್ತು ಸೀರೆಗಳನ್ನು ಮರೆಯುವವರು ಯಾರು? ನೀವು ಹೋಟೆಲು ಮುಟ್ಟುವ ಮೊದಲೇ ಚಪ್ಪಲಿ ಚೀಲದಲ್ಲಿ ಕೂತು ನಿಮ್ಮನ್ನು ಕಾಯುತ್ತಿತ್ತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದು ಶಕುಂತಲಾ ತಲೆ ಚಚ್ಚಿಕೊಂಡರಂತೆ. ಮೂರನೆಯ ಸಲ ಉದ್ಯಾನದ ಬೆಂಚಿನ ಕೆಳಗೆ. ಆಗ ಪೊಲೀಸನೊಬ್ಬ ಸೈಕಲ್ ತುಳಿದುಕೊಂಡು ಹಿಂದೆಯೇ ಬಂದ, ಸೆಲ್ಯೂಟ್ ಹೊಡೆದ, ಮೂಲೆಯ ಚೌಕಿಗೆ ಕರೆದೊಯ್ದು ಕುರ್ಚಿ ಕೊಟ್ಟು ಅರ್ಜಿ ತುಂಬಿಸಿಕೊಂಡ. ಬಣ್ಣ, ಅಳತೆ, ಎಲ್ಲಿ ಕಳೆಯಿತು, ಯಾರದು. ಯಾರದು ಎಂಬಲ್ಲಿ ನೀನು ಸುಳ್ಳು ಬರೆಯಲಾರದೆ ಚಂದ್ರವ್ವನ ಹೆಸರು ಬರೆದೆ. ಅವನು ಫೋನಿನಲ್ಲಿ ಅನುವಾದ ಮಾಡಿಸಿ ನಿನ್ನ ಮುಂದೆ ಹಿಡಿದ ಮಾತನ್ನು ನೀನು ಡೈರಿಯಲ್ಲಿ ಎರಡು ಗೆರೆ ಎಳೆದು ಬರೆದಿದ್ದೀಯ: "ಸಿಕ್ಕಿದೆ ಎಂದು ಆ ಅಮ್ಮನಿಗೆ ದಯವಿಟ್ಟು ತಿಳಿಸಿ." ನೀನು ಚೌಕಿಯಲ್ಲಿ ಕೂತು ಅತ್ತೆ. ಆತ ಗಾಬರಿಯಾಗಿ ಚಹಾ ತಂದುಕೊಟ್ಟ.

ಈ ಪುಟಗಳನ್ನು ಓದುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ, ಅವ್ವ. ನಮ್ಮ ಕಾಲದಲ್ಲಿ ಯಾರೂ ಹೀಗೆ ಗುಂಪು ಕಟ್ಟಿಕೊಂಡು ಬೇರೆಯವರ ಊರಿಗೆ ಹೋಗಿ ಬೆಪ್ಪಾಗುವುದಿಲ್ಲ. ಒಬ್ಬರಿಗೆ ಆಯುಷ್ಯಕ್ಕೆ ಒಂದೇ ದೂರಚೀಟಿ. ಅದನ್ನು ತೋರಿಸಿ ಸಮುದ್ರ ದಾಟಿ ಒಮ್ಮೆ ಹೋಗಬಹುದು, ಒಮ್ಮೆ ಬರಬಹುದು. ಉಳಿದಂತೆ ನೆರಳೂರುಗಳಿವೆ. ನಮ್ಮ ಹಳೆಯ ಹತ್ತಿ ಗೋದಾಮಿನಲ್ಲೇ ಒಂದಿದೆ. ಒಳಗೆ ಕಾಲಿಟ್ಟರೆ ನೀನು ನಡೆದ ಆ ಓಣಿ ಇದ್ದಕ್ಕಿದ್ದಂತೆ ಸುತ್ತ ಎದ್ದು ನಿಲ್ಲುತ್ತದೆ: ಗಾಡಿಯೇ ಇಲ್ಲದ ರಸ್ತೆಯಲ್ಲಿ ಕೆಂಪು ದೀಪಕ್ಕೆ ಕೈಕಟ್ಟಿ ಕಾಯುವ ಜನ, ಎರಡು ಕೈಯಲ್ಲೂ ಹಿಡಿದು ಚಿಲ್ಲರೆ ಕೊಡುವ ಅಂಗಡಿಯವಳು, ಕಸದ ಡಬ್ಬಿ ಕಾಣದೆ ಬಾಳೆಸಿಪ್ಪೆಯನ್ನು ದಿನವಿಡೀ ಪರ್ಸಿನಲ್ಲಿ ಹೊತ್ತ ಪರದೇಶಿ ಹೆಂಗಸರು. ಮೂವತ್ತು ವರ್ಷದಿಂದ ನಾನು ಅಲ್ಲಿ ವಾಸನೆಗಾರ್ತಿ. ಎಂದರೆ ಆ ಓಣಿಗೆ ಬೇಕಾದ ವಾಸನೆಗಳನ್ನು ಕೂಡಿಸಿ ಬಿಡುವುದು ನನ್ನ ಕೆಲಸ. ಜನ ಬರುತ್ತಾರೆ, ನೋಡುತ್ತಾರೆ, ಮೂಸುತ್ತಾರೆ, ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುತ್ತಾರೆ. ಅಲ್ಲಿ ಯಾರದೂ ಏನೂ ಕಳೆಯುವುದಿಲ್ಲ. ಆದ್ದರಿಂದ ಯಾರೂ ಏನನ್ನೂ ತಂದುಕೊಡುವುದಿಲ್ಲ. ಗುರುತಿಲ್ಲದವನೊಬ್ಬ ನನ್ನ ವಸ್ತು ಹಿಡಿದುಕೊಂಡು ನನ್ನ ಹಿಂದೆ ಓಡಿ ಬರಬೇಕು ಎಂದು ನಾನು ಎಷ್ಟು ಸಲ ಆಸೆಪಟ್ಟಿದ್ದೇನೆ ಎಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಾನು ಆ ಕೆಲಸಕ್ಕೆ ಸೇರಿದ್ದೇ ಬಿಲ್ಲೆಯ ದೆಸೆಯಿಂದ. ಕೊನೆಯ ದಿನ ನೀನೊಬ್ಬಳೇ ಮಾತ್ಸು-ಯು ಎಂಬ ಸ್ನಾನಗೃಹಕ್ಕೆ ಹೋದೆ. ಬಾಗಿಲಲ್ಲಿ ಚಪ್ಪಲಿ ಇಡುವ ಮರದ ಗೂಡುಗಳು, ಒಂದೊಂದಕ್ಕೂ ಒಂದು ಬಿಲ್ಲೆ. ಬಿಲ್ಲೆ ಎಳೆದರೆ ಗೂಡಿಗೆ ಬೀಗ. ಚಂದ್ರವ್ವನ ಚಪ್ಪಲಿಯನ್ನು ನಲವತ್ತೊಂದರಲ್ಲಿಟ್ಟು ಒಳಗೆ ಹೋದೆ. ಅಪರಿಚಿತ ಹೆಂಗಸರ ನಡುವೆ ಮೈಮೇಲೆ ನೂಲಿಲ್ಲದೆ ಕೂರುವುದು ನಿನ್ನಿಂದಾಗದು ಎಂದು ಅವಳು ಗೇಲಿ ಮಾಡುತ್ತಿದ್ದಳಲ್ಲ, ಕೂತೆ. ಕುತ್ತಿಗೆಯವರೆಗೆ ನೀರು. ಯಾರೂ ಬಾಗಿಲು ಬಡಿಯಲಿಲ್ಲ. ಒಂದು ಗಂಟೆಯ ನಂತರ ಹೊರಗೆ ಬಂದು, ಚೀಲದಿಂದ ಕ್ಯಾನ್ವಾಸ್ ಬೂಟು ತೆಗೆದು ಹಾಕಿಕೊಂಡು, ಬಿಲ್ಲೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಡೆದುಬಿಟ್ಟೆ. ಡೈರಿಯಲ್ಲಿ ಹೀಗಿದೆ: "ಈ ಊರಾಗ ಏನೂ ಕಳಿಯಂಗಿಲ್ಲ. ಅದಕ್ಕ ಅಕೀನ್ನ ಇಲ್ಲೇ ಬಿಟ್ಟು ಹೊಂಟೀನಿ. ಚಪ್ಲಿ ಒಳಗ ಐತಿ ಅಂದ್ರ ಅಕಿ ಇನ್ನೂ ಜಳಕಾ ಮಾಡಾಕತ್ತಾಳ."

ಆಮೇಲೆ ನಮ್ಮ ಮನೆಯಲ್ಲಿ ಏನಾಯಿತು ಎಂದರೆ, ಪ್ರತಿ ದೀಪಾವಳಿಯ ನೀರು ತುಂಬುವ ದಿನ ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿದು, ಹಿಂಡಲಕಾಯಿ ಬಳ್ಳಿ ಸುತ್ತಿ, ಅದರ ಕುತ್ತಿಗೆಗೆ ಬಿಲ್ಲೆಯನ್ನೂ ಕಟ್ಟುವುದು ರೂಢಿಯಾಯಿತು. ಹಂಡೆಯ ತಾಮ್ರ ಹೋಗಿ ಬೇರೇನೋ ಬಂತು, ಒಲೆ ಹೋಯಿತು, ಬಿಲ್ಲೆ ಉಳಿಯಿತು.

ಹೋದ ವರ್ಷ ಆ ಓಣಿಯ ವಾಸನೆಗಳನ್ನು ಹೊಸದಾಗಿ ಕೂಡಿಸಲು ಜಪಾನಿನ ಆ ಊರಿನವರಿಗೆ ಕಾಗದ ಬರೆದೆ. ಉತ್ತರ ಬಂದದ್ದು ಮಾತ್ಸು-ಯುವಿನ ಒಡತಿ, ಎಂಬತ್ತನಾಲ್ಕರ ತೊಮೊಯೆ ಎಂಬ ಮುದುಕಿಯಿಂದ. ವಾಸನೆಯ ವಿವರ ಕಳಿಸಲಾರೆ, ಮುಚ್ಚುತ್ತಿದ್ದೇನೆ, ಕಟ್ಟಿಗೆ ಎತ್ತುವ ಶಕ್ತಿ ತೋಳಿನಲ್ಲಿಲ್ಲ, ಮುಂದೆ ನಡೆಸುವವರೂ ಇಲ್ಲ ಎಂದಿದ್ದಳು. ಆದರೆ ಒಂದು ತೊಡಕಿತ್ತು. ಗೂಡಿನಲ್ಲಿ ಪಾದರಕ್ಷೆ ಇರುವವರೆಗೆ ಅತಿಥಿ ಒಳಗಿದ್ದಾರೆ ಎಂದೇ ಲೆಕ್ಕ, ಅತಿಥಿ ಒಳಗಿರುವಾಗ ಬೆಂಕಿ ಆರಿಸುವುದು ಅವರ ಮನೆತನದಲ್ಲಿಲ್ಲ. ನಲವತ್ತೊಂದನೆಯ ಗೂಡು ಅವಳ ಮುತ್ತಜ್ಜಿಯ ಅಜ್ಜಿಯ ಕಾಲದಿಂದಲೂ ಮುಚ್ಚಿದೆಯಂತೆ. ಊರು ಗುಡ್ಡದ ಮೇಲಕ್ಕೆ ಸರಿದಾಗ ಸ್ನಾನಗೃಹವನ್ನು ಬಿಚ್ಚಿ ಹೊತ್ತೊಯ್ದರು, ಗೂಡನ್ನು ತೆರೆಯದೆಯೇ ಒಯ್ದರು. ಬೇರೆ ಕೀಲಿ ಇತ್ತು. ಅತಿಥಿಯ ಚಪ್ಪಲಿ ಮುಟ್ಟುವುದು ಎದ್ದು ಹೋಗಿ ಎಂದು ಹೇಳಿದಂತೆ ಎಂದು ಯಾರೂ ಬಳಸಲಿಲ್ಲ. ಆ ಒಬ್ಬ ಅತಿಥಿಗಾಗಿ ದಿನವೂ ಬಾಗಿಲು ಹಾಕಿದ ಮೇಲೆ ಒಲೆಯಲ್ಲಿ ಒಂದು ಕೆಂಡ ಉಳಿಸುತ್ತಾ ಬಂದಿದ್ದರು. ಈಗ ಈ ಮುದುಕಿ ಆ ಕೆಂಡದ ಮುಂದೆ ಕೂತು, ಮಗಳ ಮನೆಗೂ ಹೋಗಲಾರದೆ, ನಿಮ್ಮಲ್ಲಿ ಯಾರಿಗಾದರೂ ಗೊತ್ತೇ ಎಂದು ಪರಸ್ಥಳದವರನ್ನೆಲ್ಲ ಕೇಳುತ್ತಿದ್ದಳು.

ನನ್ನ ದೂರಚೀಟಿಯನ್ನು ನಾನು ಮಗಳು ಹೊನ್ನಿಯ ಬಳಿ ಹೋಗಲೆಂದು ಎತ್ತಿಟ್ಟಿದ್ದೆ. ಅವಳು ನೈರೋಬಿಯಲ್ಲಿದ್ದಾಳೆ. ಅವಳನ್ನು ಮುಟ್ಟಿ ಹನ್ನೊಂದು ವರ್ಷವಾಯಿತು. ಒಂದು ವಾರ ನಾನು ನಿದ್ದೆ ಮಾಡಲಿಲ್ಲ, ನಿನ್ನನ್ನು ಬೈದೆ ಕೂಡ. ಕೊನೆಗೆ ಹೊನ್ನಿಯೇ ಮಾತು ಮುಗಿಸಿದಳು. "ನನ್ನ ಮಾರಿ ನಿನಗ ದಿನಾ ಕಾಣತೈತಿ, ಅವ್ವ. ಆ ಮುದುಕಿ ನಮ್ಮ ಸಲುವಾಗಿ ಬೆಂಕಿ ಮುಂದ ಕುಂತಾಳ. ಹೋಗು."

ಹಾಯಿಹಡಗಿನಲ್ಲಿ ಇಪ್ಪತ್ಮೂರು ದಿನ. ಊರು ಸಣ್ಣದಾಗಿದೆ, ಮನೆಗಳು ಗುಡ್ಡಕ್ಕೆ ಆನಿಕೊಂಡಿವೆ. ಆದರೂ ಓಣಿಯ ತಿರುವಿನಲ್ಲಿ ಒಬ್ಬಾಕೆ ಬರಿದಾದ ರಸ್ತೆಯಲ್ಲಿ ಕೆಂಪು ದೀಪಕ್ಕೆ ಕಾಯುತ್ತಾ ನಿಂತಿದ್ದಳು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಸ್ನಾನಗೃಹದ ವಾಸನೆಯನ್ನು ಮೂವತ್ತು ವರ್ಷ ನಾನು ತಪ್ಪಾಗಿ ಕೂಡಿಸಿದ್ದೆ. ಅದರಲ್ಲಿ ಹೊಗೆ ಹೆಚ್ಚು ಹಾಕಿದ್ದೆ, ಒದ್ದೆ ಮರ ಕಡಿಮೆ.

ತೊಮೊಯೆ ಬಿಲ್ಲೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡಳು. ಮೊದಲು ನಾನು ಮೀಯಬೇಕೆಂದಳು. ಮಿಂದೆ. ನೀನು ಕೂತ ತೊಟ್ಟಿಯಲ್ಲಿ, ಕುತ್ತಿಗೆಯವರೆಗೆ. ಹೊನ್ನಿ ಪಕ್ಕದಲ್ಲಿ ಇರಬೇಕಿತ್ತು ಎಂದು ಅಲ್ಲಿ ಅನ್ನಿಸಿದಷ್ಟು ನನಗೆ ಬೇರೆಲ್ಲೂ ಅನ್ನಿಸಿಲ್ಲ. ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು ಬಾಗಿಲಲ್ಲಿ ಬಿದ್ದಿತ್ತು. ಅವಳು ಗೂಡು ತೆರೆದಳು. ಚರ್ಮ ಸೆಟೆದು ಮರದಂತಾಗಿತ್ತು, ಉಂಗುಟದ ಹಸಿರು ಹಾಗೆಯೇ ಇತ್ತು. ಅವಳು ಅದನ್ನು ನನ್ನ ಕೈಗೆ ಕೊಡಲಿಲ್ಲ. ನೆಲದ ಮೇಲೆ ಜೋಡಿಸಿ, ತುದಿಯನ್ನು ಬೀದಿಯ ಕಡೆಗೆ ತಿರುಗಿಸಿಟ್ಟಳು. ಆಮೇಲೆ ಖಾಲಿ ಸ್ನಾನದ ಕೋಣೆಯ ಕಡೆಗೆ ನಡುಬಾಗಿಸಿ, ಹೊರಡುವ ಪ್ರತಿಯೊಬ್ಬರಿಗೂ ಆ ಮನೆಯವರು ಹೇಳುವ ಮಾತನ್ನೇ ಹೇಳಿದಳು. ನನ್ನ ಕಿವಿಗೆಳತಿ, ಎಂದರೆ ಕಿವಿಯಲ್ಲಿ ಕೂತು ಅನುವಾದಿಸುವ ಯಂತ್ರ, ಅದನ್ನು ಹೀಗೆ ತಿಳಿಸಿತು: "ಆರಾಮವಾಗಿ ಆಯಿತೇ? ನಿಧಾನವಾಗಿ ಹೋಗಿ ಬನ್ನಿ."

ಒಬ್ಬ ಹೆಂಗಸು ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲು ದಾಟುವಷ್ಟು ಹೊತ್ತು ನಾವಿಬ್ಬರೂ ದಾರಿ ಬಿಟ್ಟು ನಿಂತೆವು. ನಂತರ ಅವಳು ಒಳಗೆ ಹೋಗಿ ಕೆಂಡಕ್ಕೆ ನೀರು ಹಾಕಿದಳು. ಹೊಗೆ ಸ್ವಲ್ಪ ಎದ್ದು ಅಡಗಿತು. ಮರುದಿನ ಅವಳ ಮಗಳು ಬಂದು ಅವಳನ್ನು ಕರೆದೊಯ್ದಳು.

ಇಷ್ಟೇ ಸುದ್ದಿ. ಇನ್ನು ನನ್ನದೊಂದು ಕೋರಿಕೆ. ಬಿಲ್ಲೆಯನ್ನು ಅಂಚೆಗೆ ಹಾಕಬೇಡ. ದೀಪಾವಳಿ ಹತ್ತಿರ ಬಂತು, ಹಂಡೆಯ ಕುತ್ತಿಗೆಗೆ ಕಟ್ಟು. ನೀನು ಯಾರನ್ನೂ ಕಳೆದು ಬಂದಿಲ್ಲ, ಏನನ್ನೂ ಕದ್ದಿಲ್ಲ. ನಿನ್ನಿಂದಾಗಿ ನಾನು ಒಮ್ಮೆ ಪರದೇಶಿಯಾದೆ, ಗುರುತಿಲ್ಲದ ಒಬ್ಬಾಕೆ ನನ್ನವರ ವಸ್ತುವನ್ನು ಕಾದು ಕೊಟ್ಟಳು. ಚಂದ್ರವ್ವ ಹೊರಗೆ ಬರುವುದಕ್ಕೆ ನಿನ್ನ ಲೆಕ್ಕದಲ್ಲಿ ಇನ್ನೂ ನೂರ ಅರವತ್ತೈದು ವರ್ಷವಿದೆ. ನೀರು ಬಿಸಿಯಾಗಿಯೇ ಇರುತ್ತದೆ, ನಾನು ಕಂಡಿದ್ದೇನೆ.

ಈ ಸಲ ಬಾಗಿಲು ಬಡಿಯಬೇಡ.

ನಿನ್ನ
ಸಂಗಸಿರಿ